ಕೇಳಿದವರು ಯಾರು

ಸ್ಯಾನ್ ಡಿಯಾಗೊದ ಕರ್ನಿ ಮೆಸಾದಲ್ಲಿ, ಕಾರು ಮಾರುವ ಅಂಗಡಿಗಳ ಸಾಲಿನ ಹಿಂದೆ, ಒಂದು ಎರಡಂತಸ್ತಿನ ಕಟ್ಟಡ. ಕೆಳಗೆ ವಿಯೆಟ್ನಾಮಿನವರ ನೂಡಲ್ಸ್ ಹೋಟೆಲು, ಮೇಲೆ ಆರು ಮೇಜುಗಳ ಆಫೀಸು. ಆ ಆಫೀಸಿನ ಕಿಟಕಿ ಪಕ್ಕದ ಮೇಜಿನಲ್ಲಿ ಶಿವಬಸವ್ವ ಹನ್ನೆರಡು ವರ್ಷ ಕೂತಿದ್ದರು. ಕಿವಿಗೆ ಹೆಡ್‌ಫೋನು, ಬಲಗಾಲಿನ ಕೆಳಗೆ ಪೆಡಲು. ಮುಂದೆ ಒತ್ತಿದರೆ ಕ್ಯಾಸೆಟ್ ಓಡುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ. ಯಾರೋ ಎಲ್ಲೋ ಮಾತಾಡಿದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿಕೊಡುವುದು ಅವರ ಕೆಲಸ. ಕಾರು ಅಪಘಾತದ ಹೇಳಿಕೆಗಳು, ಇನ್ಶೂರೆನ್ಸ್ ಜಗಳಗಳು, ಗಂಡ ಹೆಂಡತಿ ಬೇರೆಯಾಗುವಾಗ ಮಕ್ಕಳಿಗಾಗಿ ನಡೆಯುವ ಎಳೆದಾಟಗಳು. ಆಫೀಸಿನವರು ಅವರನ್ನು ‘ಶೀವಾ’ ಎನ್ನುತ್ತಿದ್ದರು. ಅವರು ತಿದ್ದಲು ಹೋಗಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಕನ್ನಡ ಸಂಘದ ಯುಗಾದಿ ಊಟದಲ್ಲಿ. ಈ ಸಂಗತಿಯನ್ನು ಅವರು ನನಗೆ ಹೇಳಿದ್ದು ಬಹಳ ಕಾಲದ ಮೇಲೆ, ಅದೂ ಬಾಗಿಲು ಹಾಕಿದೆಯೇ ಎಂದು ಒಮ್ಮೆ ತಿರುಗಿ ನೋಡಿಕೊಂಡು.

ಅವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ದುರ್ಗದ ಬೈಲಿನ ಹತ್ತಿರ ಸೋದರಮಾವ ನೀಲಕಂಠಪ್ಪ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹದಿನಾರನೇ ವಯಸ್ಸಿಗೆ ಟೈಪಿಂಗಿನ ಸೀನಿಯರ್ ಪರೀಕ್ಷೆ, ಹದಿನೆಂಟಕ್ಕೆ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಪಾಸು ಮಾಡಿದರು. ಧಾರವಾಡದ ಕೋರ್ಟಿನಲ್ಲಿ ಐದು ವರ್ಷ ಟೈಪಿಸ್ಟ್ ಆಗಿದ್ದರು. ಮದುವೆಯಾದದ್ದು ದಾನಪ್ಪನವರನ್ನು. ಅವರು ರೇಡಿಯೊ ಆಂಟೆನಾಗಳ ಇಂಜಿನಿಯರು. ಎಪ್ಪತ್ತೊಂಬತ್ತರಲ್ಲಿ ಮೂರು ವರ್ಷದ ಮಗಳು ವೈಶಾಲಿಯನ್ನು ಎತ್ತಿಕೊಂಡು ಇಬ್ಬರೂ ಸ್ಯಾನ್ ಡಿಯಾಗೊಗೆ ಬಂದರು. ಪೌರತ್ವ ಸಿಕ್ಕ ಮೇಲೆ ದಾನಪ್ಪನವರಿಗೆ ನೌಕಾಪಡೆಗೆ ಉಪಕರಣ ಮಾಡಿಕೊಡುವ ಕಂಪನಿಯೊಂದರಲ್ಲಿ ಕೆಲಸವಾಯಿತು. ಆ ಕೆಲಸಕ್ಕೆ ಸರಕಾರದ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು. ಅದಿಲ್ಲದಿದ್ದರೆ ಗೇಟಿನೊಳಗೆ ಕಾಲಿಡುವಂತಿಲ್ಲ. ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ ಕೊಂಡರು. ದಾನಪ್ಪನವರು ಆಫೀಸಿನ ಮಾತನ್ನು ಮನೆಗೆ ತರುತ್ತಿರಲಿಲ್ಲ, ಶಿವಬಸವ್ವನೂ ತರುತ್ತಿರಲಿಲ್ಲ. ಊಟಕ್ಕೆ ಕೂತಾಗ ಇಬ್ಬರೂ ಬದನೆಕಾಯಿಯ ಬಗ್ಗೆ ಮಾತಾಡುತ್ತಿದ್ದರು.

ತೊಂಬತ್ತಮೂರರಲ್ಲಿ ಊರೆಲ್ಲ ಒಂದೇ ಮಾತು. ಗೇ ಜನ ತಾವು ಯಾರೆಂದು ಮುಚ್ಚಿಡದೆ ಸೈನ್ಯದಲ್ಲಿ ಇರಬಹುದೇ ಎಂದು ವಾಷಿಂಗ್ಟನ್ನಿನಲ್ಲಿ ಜಗಳ. ಸ್ಯಾನ್ ಡಿಯಾಗೊ ನೌಕಾಪಡೆಯ ಊರು. ಕಾರುಗಳ ಹಿಂದೆ ಸ್ಟಿಕ್ಕರು, ರೇಡಿಯೊದಲ್ಲಿ ಕೂಗಾಟ. ಕೊನೆಗೆ ಬಂದ ಕಾನೂನು ಯಾರಿಗೂ ಪೂರ್ತಿ ಬೇಕಾಗಿರಲಿಲ್ಲ. ‘ಡೋಂಟ್ ಆಸ್ಕ್, ಡೋಂಟ್ ಟೆಲ್’: ಮೇಲಧಿಕಾರಿ ಕೇಳುವಂತಿಲ್ಲ, ಸಿಪಾಯಿ ಹೇಳುವಂತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ತೊಂಬತ್ತನಾಲ್ಕರಲ್ಲಿ ಅದು ಜಾರಿಗೆ ಬಂದ ಮೇಲೆ ಶಿವಬಸವ್ವನ ಮೇಜಿಗೆ ಹೊಸ ಬಗೆಯ ಕ್ಯಾಸೆಟ್ಟುಗಳು ಬರತೊಡಗಿದವು. ಯಾರನ್ನೋ ನೌಕಾಪಡೆಯಿಂದ ಕಳಿಸಬೇಕೋ ಉಳಿಸಬೇಕೋ ಎಂದು ಮೂವರು ಅಧಿಕಾರಿಗಳ ಮಂಡಳಿ ನಡೆಸಿದ ವಿಚಾರಣೆಗಳು.

ಆ ಕ್ಯಾಸೆಟ್ಟುಗಳೆಂದರೆ ಅವರಿಗೆ ಮೊದಮೊದಲು ಮುಜುಗರ. ಗಂಡಸು ಗಂಡಸಿಗೆ ಬರೆದ ಪತ್ರವನ್ನು ಇನ್ನೊಬ್ಬ ಗಂಡಸು ದೊಡ್ಡ ದನಿಯಲ್ಲಿ ಓದುವುದು, ಅದನ್ನು ಇವರು ತುಟಿ ಬಿಗಿದು ಟೈಪ್ ಮಾಡುವುದು. ಬರಬರುತ್ತ ಮುಜುಗರ ಹೋಗಿ ಅನುಮಾನ ಉಳಿಯಿತು. ಹುಡುಗರೂ ಸುಳ್ಳು ಹೇಳುತ್ತಿದ್ದಾರೆ, ಅಧಿಕಾರಿಗಳೂ ಸುಳ್ಳು ಹೇಳುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತಿತ್ತು. ಉತ್ತರ ಕೊಡುವ ಮುಂಚೆ ಮನುಷ್ಯ ಎಳೆದುಕೊಳ್ಳುವ ಉಸಿರು ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ.

ತೊಂಬತ್ತಾರರ ಮಾರ್ಚಿನಲ್ಲಿ ಬಂದದ್ದು ರೊಡೆಲ್ ಬೌಟಿಸ್ಟಾ ಎಂಬುವನ ವಿಚಾರಣೆ. ಇಪ್ಪತ್ತನಾಲ್ಕರ ಫಿಲಿಪಿನೋ ಹುಡುಗ, ಹಡಗಿನಲ್ಲಿ ಗಾಯಾಳುಗಳಿಗೆ ಉಪಚಾರ ಮಾಡುವ ಕೆಲಸ, ಐದು ವರ್ಷದ ಸೇವೆ. ಅವನ ಪೆಟ್ಟಿಗೆಯಲ್ಲಿ ಒಂದು ಪತ್ರ ಸಿಕ್ಕಿತ್ತು. ಹಡಗಿನ ಶಿಸ್ತು ನೋಡಿಕೊಳ್ಳುವ ಚೀಫ್ ಅವನನ್ನು ಕೋಣೆಗೆ ಕರೆಸಿದ್ದ. ಮಂಡಳಿಯ ಮುಂದೆ ಚೀಫ್ ಹೇಳಿದ: “ನಾನು ಏನೂ ಕೇಳಲಿಲ್ಲ. ಅವನೇ ತಾನು ಗೇ ಎಂದ.” ರೊಡೆಲ್ ಹೇಳಿದ: “ಬಾಗಿಲು ಹಾಕಿಕೊಂಡು ಅವರೇ ಕೇಳಿದರು. ನಾನು ಬಾಯಿ ಬಿಡಲಿಲ್ಲ.” ಇಬ್ಬರ ಉಸಿರೂ ಶಿವಬಸವ್ವನಿಗೆ ನಿಜವೆನಿಸಲಿಲ್ಲ.

ಆಮೇಲೆ ಮಂಡಳಿಯ ಮುಖ್ಯಸ್ಥರು ಹತ್ತು ನಿಮಿಷದ ವಿರಾಮ ಎಂದರು. ಕುರ್ಚಿಗಳು ಸರಿದವು. ಹೀಗಾದಾಗ ಯಂತ್ರ ನಿಲ್ಲಿಸುವ ಟಕ್ ಎಂಬ ಸದ್ದು ಬರಬೇಕು. ಬರಲಿಲ್ಲ. ಸೋಡಾ ಡಬ್ಬಿ ತೆರೆದ ಸದ್ದು ಬಂತು. ಸರಕಾರದ ಕಡೆ ವಾದಿಸುತ್ತಿದ್ದ ಲೆಫ್ಟಿನೆಂಟನ ದನಿ ಹತ್ತಿರದಲ್ಲೇ ಕೇಳಿಸಿತು: “ಕೇಳಲಿಲ್ಲ ಎಂದಿದ್ದೀಯಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೋ.”

ಚೀಫ್ ನಕ್ಕ. “ಮೂರು ಸಲ ಕೇಳಿದೆ. ನಾಲ್ಕನೇ ಸಲಕ್ಕೆ ಹೌದು ಎಂದ. ಕೇಳದಿದ್ದರೆ ಅವನೇಕೆ ಹೇಳುತ್ತಿದ್ದ?”

“ಈ ಮಾತು ನನ್ನ ಕಿವಿಗೆ ಬೀಳಲಿಲ್ಲ,” ಎಂದ ಲೆಫ್ಟಿನೆಂಟ್.

ಆಮೇಲೆ ಇಬ್ಬರೂ ಬೇಸ್‌ಬಾಲ್ ಮಾತಾಡಿದರು. ಒಟ್ಟು ನಾಲ್ಕು ನಿಮಿಷ.

ಶಿವಬಸವ್ವ ಪೆಡಲಿನಿಂದ ಕಾಲು ತೆಗೆದರು. ಆಫೀಸಿನಲ್ಲಿ ಉಳಿದ ಐವರು ಟೈಪ್ ಮಾಡುತ್ತಲೇ ಇದ್ದರು. ಅವರು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದರು. ಮೂರನೇ ಸಲ ಕೇಳುವಾಗ ಕೈ ತಾನಾಗಿ ಚೀಲದಿಂದ ಸಣ್ಣ ನೋಟುಬುಕ್ಕು ತೆಗೆದು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡಿತು. ಯಾಕೆ ಬರೆದೆ ಎಂದು ಆಮೇಲೆ ಎಷ್ಟೋ ಸಲ ತಮ್ಮನ್ನೇ ಬೈದುಕೊಂಡರು. ಆಫೀಸಿನ ಒಂದು ಚೂರು ಕಾಗದವೂ ಮನೆಗೆ ಹೋಗಬಾರದೆಂಬುದು ನಿಯಮ.

ಈ ನಾಲ್ಕು ನಿಮಿಷದಲ್ಲಿ ಇಬ್ಬರ ಸುಳ್ಳೂ ಇತ್ತು. ಕೇಳಲಿಲ್ಲ ಎಂದ ಚೀಫನದೂ, ಹೇಳಲಿಲ್ಲ ಎಂದ ಹುಡುಗನದೂ. ಇದನ್ನು ಟೈಪ್ ಮಾಡಿದರೆ ಯಾರಿಗೆ ಒಳ್ಳೆಯದು, ಯಾರಿಗೆ ಕೆಟ್ಟದ್ದು ಎಂದು ಅವರಿಗೆ ಬಗೆಹರಿಯಲಿಲ್ಲ. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಎದ್ದಿತು. ಯಂತ್ರ ನಿಲ್ಲಿಸದೆ ಬಿಟ್ಟದ್ದು ಮರೆವೋ, ಬೇಕಂತಲೋ? ಹೋದ ಡಿಸೆಂಬರಿನಲ್ಲಿ ಆಫೀಸಿನ ಯಜಮಾನಿ ಮಾರ್ಲಿಸ್ ಒಂದು ಹಳೆಯ ಕ್ಯಾಸೆಟ್ಟನ್ನು ಹೊಸದೆಂದು ಕೊಟ್ಟು, ಯಾರು ಎಷ್ಟು ಸರಿ ಟೈಪ್ ಮಾಡುತ್ತಾರೆಂದು ಎಲ್ಲರನ್ನೂ ಪರೀಕ್ಷಿಸಿದ್ದಳು. ಇದೂ ಹಾಗೆಯೇ ಇದ್ದರೆ?

ಮಧ್ಯಾಹ್ನ ಮಾರ್ಲಿಸ್ ಕಾಫಿ ಹಾಕಿಕೊಳ್ಳುವಾಗ ಶಿವಬಸವ್ವ ಸುಮ್ಮನೆ ಕೇಳಿದಂತೆ ಕೇಳಿದರು: “ವಿರಾಮದಲ್ಲೂ ಯಂತ್ರ ಓಡಿದ್ದರೆ ಏನು ಮಾಡಬೇಕು?”

ಮಾರ್ಲಿಸ್ ಥಟ್ಟನೆ ತಿರುಗಿದಳು. “ಯಾವ ಟೇಪು?”

“ಹೀಗೇ ಕೇಳಿದೆ.”

“ವಿರಾಮದ ಮಾತು ದಾಖಲೆಯಲ್ಲ, ಬಿಟ್ಟುಬಿಡು,” ಎಂದು ಮಾರ್ಲಿಸ್ ತನ್ನ ಕೋಣೆಗೆ ಹೋದಳು. ಸಕ್ಕರೆ ಹಾಕಿಕೊಳ್ಳದೆ ಹೋದದ್ದನ್ನು ಶಿವಬಸವ್ವ ಗಮನಿಸಿದರು. ಮರುದಿನ ಬೆಳಿಗ್ಗೆ ತಮ್ಮ ಮೇಜಿನ ಡ್ರಾಯರಿನಲ್ಲಿ ಕ್ಯಾಸೆಟ್ಟಿನ ಡಬ್ಬಿ ಎಡಕ್ಕಿದ್ದದ್ದು ಬಲಕ್ಕಿತ್ತು. ಅಥವಾ ಹಾಗೆ ಅನಿಸಿತು.

ಅದೇ ವಾರ ಪಕ್ಕದ ಬೀದಿಯ ವನಜಾಕ್ಷಿ ಫೋನ್ ಮಾಡಿದರು. ಉಡುಪಿ ಕಡೆಯವರು, ಹದಿನಾಲ್ಕು ವರ್ಷದ ಸ್ನೇಹ.

“ಶಿವಬಸವಕ್ಕ, ಎಂತ ಸಂಗತಿ ಮಾರಾಯ್ರೆ? ಒಬ್ಬರು ಕೋಟು ಹಾಕ್ಕೊಂಡು ಬಂದಿದ್ರು ನಿಮ್ಮ ಬಗ್ಗೆ ಕೇಳ್ಲಿಕ್ಕೆ. ಕಾರ್ಡ್ ತೋರಿಸಿದ್ರು, ಸರಕಾರದವರಂತೆ.”

“ಏನ್ ಕೇಳಿದ್ರು?”

“ಕುಡೀತಾರಾ, ಮನೆಗೆ ಯಾರೆಲ್ಲ ಬರ್ತಾರೆ, ಅಂತ. ಮತ್ತೆ, ಮಿಸೆಸ್ ಆಫೀಸಿನ ಕೆಲಸ ಮನೆಗೆ ತರ್ತಾರಾ ಅಂತ ಕೇಳಿದ್ರು. ನಂಗೆ ಗೊತ್ತಿಲ್ಲ ಅಂದೆ. ನೀವು ಎಂತದೂ ಮಾಡಿಲ್ಲ ಅಲ್ವಾ?”

ನೋಟುಬುಕ್ಕು ಆಗ ಶಿವಬಸವ್ವನ ಚೀಲದಲ್ಲೇ ಇತ್ತು. ಫೋನಿಟ್ಟು ನೇರ ಗ್ಯಾರೇಜಿಗೆ ಹೋಗಿ ಹಳೆಯ ಕುಕ್ಕರಿನ ರಟ್ಟಿನ ಡಬ್ಬಿಯಲ್ಲಿ, ತಳದಲ್ಲಿ ಮಡಚಿಟ್ಟಿದ್ದ ಗ್ಯಾರಂಟಿ ಕಾಗದದ ಕೆಳಗೆ ತುರುಕಿದರು.

ದಾನಪ್ಪನವರು ಸಂಜೆ ಬಂದು ಕೇಳಿದ್ದು ಬೇರೆಯದನ್ನೇ. “ಅದು ನನ್ನ ಕ್ಲಿಯರೆನ್ಸಿಂದು. ಐದ್ ವರ್ಷಕ್ಕೊಮ್ಮಿ ಬರ್ತಾರ, ನೆರೆಹೊರೆ ಕೇಳ್ತಾರ. ಅದ್ರಾಗ ಏನೈತಿ? ವನಜಾಕ್ಷಿ ಏನ್ ಹೇಳ್ಯಾರ, ಅದನ್ನ ಹೇಳು. ವೈಶಾಲಿ ಸುದ್ದಿ ಏನರ ಹೇಳ್ಯಾರೇನು?”

ಮಗಳು ವೈಶಾಲಿ ಆಗ ಲಾಂಗ್ ಬೀಚಿನಲ್ಲಿ ಓದುತ್ತಿದ್ದಳು. ಗೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದ ಸೈನಿಕ ತರಬೇತಿ ಕಾಲೇಜಿನೊಳಗೆ ಬೇಡವೆಂದು ಅಲ್ಲಿ ಹುಡುಗರು ಸಹಿ ಹಾಕಿಸುತ್ತಿದ್ದರು. ವೈಶಾಲಿ ಸಹಿ ಹಾಕಿದ್ದಷ್ಟೇ ಅಲ್ಲ, ಮೇಜು ಹಾಕಿ ಕೂತೂ ಇದ್ದಳು. ಅದನ್ನು ಹೆಮ್ಮೆಯಿಂದ ವನಜಾಕ್ಷಿಯ ಮಗಳಿಗೆ ಹೇಳಿದ್ದಳು.

“ಆಕಿ ಸಹಿ ಹಾಕಿದ್ರ ನಿಮಗೇನ್ರಿ ಆಗತೈತಿ?”

“ನಿಂಗ ಗೊತ್ತಿಲ್ಲ. ಗೇ ಅಂತ ಕ್ಲಿಯರೆನ್ಸ್ ತಡೀಬಾರದು ಅಂತ ಹೋದ ವರ್ಷ ಕಾಗದದ ಮ್ಯಾಲೆ ರೂಲು ಬದಲಾಗೈತಿ, ಖರೆ. ಆದ್ರ ಕೇಳಾವ್ರು ಆ ಹಳೇ ಮಂದೀನ ಅದಾರ. ಬರಕೊಳ್ಳೋದು ಏನ್ ಬರಕೊಳ್ತಾರೋ ಯಾರಿಗ್ಗೊತ್ತು.”

ಗಂಡ ಬೆವರುವುದಕ್ಕೆ ಒಂದು ಕಾರಣ, ಹೆಂಡತಿ ಬೆವರುವುದಕ್ಕೆ ಇನ್ನೊಂದು. ವನಜಾಕ್ಷಿ ಎಷ್ಟು ಹೇಳಿದರು, ಎಷ್ಟು ಹೇಳಲಿಲ್ಲ ಎಂಬುದು ಇಬ್ಬರಿಗೂ ತಿಳಿಯದು. ಮುಂದಿನ ಭಾನುವಾರದ ಭಜನೆಗೆ ಅವರ ಮನೆಗೆ ಹೋಗಲಿಲ್ಲ, ತಲೆನೋವೆಂದರು.

ಶನಿವಾರ ಬೆಳಿಗ್ಗೆ ದಾನಪ್ಪನವರು ಗ್ಯಾರೇಜಿನಲ್ಲಿ ಕಾರಿನ ಆಯಿಲ್ ಬದಲಿಸುತ್ತಿದ್ದರು. ಶಿವಬಸವ್ವ ಪಕ್ಕದಲ್ಲಿ ನಿಂತು ಎಲ್ಲ ಹೇಳಿದರು. ಅಮೆರಿಕಕ್ಕೆ ಬಂದ ಹದಿನೇಳು ವರ್ಷದಲ್ಲಿ ಮೊದಲ ಸಲ ಆಫೀಸಿನ ಮಾತು ಮನೆಗೆ ಬಂತು. ದಾನಪ್ಪನವರು ಕಾರಿನ ಕೆಳಗಿಂದ ಹೊರಬಂದು ಕೈ ಒರೆಸಿಕೊಂಡರು.

“ನಿಮ್ಮ ಮೇಡಂ ಬಿಡು ಅಂದಾಳಿಲ್ಲೋ? ಬಿಡು. ಇದು ನಮ್ಮ ಜಗಳ ಅಲ್ಲ.”

“ಕಡೀ ಪುಟದಾಗ ನಾ ಸಹಿ ಮಾಡಬೇಕ್ರಿ. ಟೇಪಿನ್ಯಾಗ ಇದ್ದದ್ದೆಲ್ಲಾ ಇದ್ರಾಗ ಐತಿ ಅಂತ ಬರದಿರತೈತಿ. ಹೆಂಗ ಮಾಡ್ಲಿ?”

“ಎಲ್ಲಾರೂ ಮಾಡ್ತಾರ.”

“ನಾನೂ ಮಾಡೀನಿ ಒಮ್ಮಿ.” ಅವರ ದನಿ ಇಳಿಯಿತು. “ಧಾರವಾಡದಾಗ. ಶಿರಸ್ತೇದಾರ ಬಂದು, ಈ ಪುಟ ಇನ್ನೊಮ್ಮಿ ಟೈಪ್ ಮಾಡವಾ, ಈ ಎರಡ ಸಾಲ ಬಿಡು ಅಂದಾ. ಮಲ್ಲವ್ವ ಅಂತ ಒಬ್ಬಾಕಿ ಹೇಳಿಕೆ ಅದು. ಹೊಲದ ವ್ಯಾಜ್ಯ. ನಾ ಯಾಕ ಅಂತ ಕೇಳಲಿಲ್ಲ. ಟೈಪ್ ಮಾಡಿಕೊಟ್ಟೆ. ಆ ಕೇಸ್ ಏನಾತೋ ಗೊತ್ತಿಲ್ಲ.”

ದಾನಪ್ಪನವರು ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು. ಆಮೇಲೆ ಕೇಳಿದ್ದು ಮಲ್ಲವ್ವನ ಬಗ್ಗೆ ಅಲ್ಲ.

“ಇಷ್ಟ ವರ್ಷ ಇದನ್ನ ನಂಗ ಹೇಳಲಿಲ್ಲಲ್ಲ ನೀ?”

“ನೀವ್ ಕೇಳಲಿಲ್ಲ.”

“ಇನ್ನೇನರ ಐತೇನು ಹೇಳದಿದ್ದದ್ದು? ವೈಶಾಲಿ ನಿಂಗ ಏನರ ಹೇಳ್ಯಾಳೇನು? ಆಕಿ... ಆಕಿನೂ ಅಂಥಾಕಿ ಅಂತ?”

“ಇಲ್ಲ.”

“ಖರೇನ?”

ಶಿವಬಸವ್ವ ಒಳಗೆ ಹೋದರು. ನೋಟುಬುಕ್ಕಿರುವ ಡಬ್ಬಿ ಗಂಡನ ತಲೆಯ ಮೇಲಿನ ಶೆಲ್ಫಿನಲ್ಲೇ ಇತ್ತು. ಅದೊಂದನ್ನು ಅವರು ಹೇಳಿರಲಿಲ್ಲ.

ಸೋಮವಾರ ಅವರು ಪೂರ್ತಿ ಟೈಪ್ ಮಾಡಿದರು. ವಿರಾಮ ಎಂದು ತಲೆಬರಹ ಕೊಟ್ಟು, ಯಂತ್ರ ನಿಲ್ಲಿಸಿರಲಿಲ್ಲವೆಂದು ಒಂದು ಸಾಲು ಬರೆದು, ಸೋಡಾ ಡಬ್ಬಿಯ ಸದ್ದಿನಿಂದ ಬೇಸ್‌ಬಾಲಿನ ತನಕ ಎಲ್ಲ. ಅದು ಅರವತ್ತೆರಡರಿಂದ ಅರವತ್ತೈದನೇ ಪುಟದವರೆಗೆ ಬಂತು. ಪ್ರತಿ ಪುಟದ ಕೆಳಗೆ ಎಂದಿನಂತೆ ತಮ್ಮ ಹೆಸರಿನ ಎರಡಕ್ಷರ, ಕೊನೆಯ ಪುಟದಲ್ಲಿ ಸಹಿ. ಒಟ್ಟು ನೂರಾಹದಿನೆಂಟು ಪುಟ. ಮಾರ್ಲಿಸ್ ಕೋಣೆಯಲ್ಲಿ ಅದನ್ನು ತಿರುವಿ ಹಾಕಿದಳು. ಅರವತ್ತೆರಡಕ್ಕೆ ಬಂದಾಗ ನಿಂತಳು.

“ಬಿಡು ಎಂದಿದ್ದೆ.”

“ಬಿಟ್ಟರೆ ನನ್ನ ಸಹಿ ಬೇಡ. ಬೇರೆಯವರ ಕೈಲಿ ಮಾಡಿಸು.”

ಮಾರ್ಲಿಸ್ ಕನ್ನಡಕ ತೆಗೆದು ಇವರನ್ನು ನೋಡಿದಳು. “ಶೀವಾ, ಇದನ್ನು ನಿನಗೆ ಯಾರಾದರೂ ಹೇಳಿಕೊಟ್ಟರಾ?”

“ಇಲ್ಲ.”

“ಸರಿ. ನನ್ನ ಹತ್ತಿರ ಬಿಟ್ಟುಹೋಗು.”

ಅಂದಿನಿಂದ ನೌಕಾಪಡೆಯ ಕ್ಯಾಸೆಟ್ಟುಗಳು ಶಿವಬಸವ್ವನ ಮೇಜಿಗೆ ಬರುವುದು ನಿಂತಿತು. ಬಾಡಿಗೆದಾರರ ಜಗಳಗಳು ಬಂದವು.

ಮೇ ತಿಂಗಳಲ್ಲಿ ಆಫೀಸಿಗೆ ಫೋನು. ಆ ಕಡೆ ಗಂಡಸಿನ ದನಿ. “ಪುಟದ ಕೆಳಗೆ ಎಸ್.ಬಿ. ಎಂದಿರುವುದು ನೀವೇನಾ? ನಾನು ಲಾಸ್ ಏಂಜಲೀಸಿನ ವಕೀಲ, ರೊಡೆಲ್ ಬೌಟಿಸ್ಟಾ ಪರವಾಗಿದ್ದೇನೆ. ನನಗೆ ಬಂದ ಪ್ರತಿಯಲ್ಲಿ ಅರವತ್ತೊಂದಾದ ಮೇಲೆ ಅರವತ್ತಾರು ಇದೆ. ನಡುವಿನ ನಾಲ್ಕು ಪುಟದಲ್ಲಿ ಏನಿತ್ತು?”

ಶಿವಬಸವ್ವ ಫೋನು ಕುಕ್ಕಿಬಿಟ್ಟರು. ವಕೀಲನೆಂದು ಹೇಗೆ ನಂಬುವುದು? ಕೋಟು ಹಾಕಿಕೊಂಡು ಬಂದವನೇ ಇರಬಹುದು. ಮಾರ್ಲಿಸಳೇ ಮಾಡಿಸಿರಬಹುದು. ನಾಲ್ಕು ದಿನಕ್ಕೆ ಮನೆಯ ವಿಳಾಸಕ್ಕೆ ಪತ್ರ ಬಂತು. ಮೇಲೆ ಅಚ್ಚಾದ ಹೆಸರು, ವಿಲ್ಶೈರ್ ಬೀದಿಯ ವಿಳಾಸ. ಮನೆ ವಿಳಾಸ ಇವನಿಗೆ ಕೊಟ್ಟವರು ಯಾರು ಎಂದು ಅದಕ್ಕೂ ಅನುಮಾನ. ಟೆಲಿಫೋನ್ ಡೈರೆಕ್ಟರಿಯಲ್ಲಿ ತಮ್ಮ ಹೆಸರಿದೆಯೆಂಬುದು ಆಮೇಲೆ ನೆನಪಾಯಿತು.

ಮಗಳಿಗೆ ಫೋನ್ ಮಾಡಿದರು. “ವೈಶಾಲಿ, ಲಾಸ್ ಏಂಜಲೀಸಿಗೆ ಹೋಗಿ ಒಂದ್ ಆಫೀಸ್ ನೋಡಿಕೊಂಡ್ ಬಾ. ಒಳಗ ಹೋಗಬ್ಯಾಡ. ಹೆಸರಿನ ಬೋರ್ಡ್ ಐತೋ ಇಲ್ಲೋ, ಅಷ್ಟ ನೋಡು.”

“ಅಮ್ಮಾ, ಆರ್ ಯೂ ಸೀರಿಯಸ್?” ಎಂದಳು ಮಗಳು. ಆದರೂ ಲಾಂಗ್ ಬೀಚಿನಿಂದ ಡ್ರೈವ್ ಮಾಡಿಕೊಂಡು ಹೋದಳು. ಮಧ್ಯಾಹ್ನ ಬೀದಿಯ ಫೋನಿನಿಂದ ಕರೆ ಮಾಡಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು. ಮೂರನೇ ಮಹಡಿ, ಹಿತ್ತಾಳೆ ಬೋರ್ಡು, ಎಡಕ್ಕೆ ಹಲ್ಲಿನ ಡಾಕ್ಟರು, ಬಲಕ್ಕೆ ಟ್ರಾವೆಲ್ ಏಜೆಂಟು. ಒಳಗೂ ಹೋಗಿದ್ದಳು. ವಕೀಲ ಸುಸ್ತಾದವನಂತೆ ಕಂಡ, ನೀರು ಕೊಟ್ಟ ಎಂದಳು.

“ಒಳಗ ಹೋಗಬ್ಯಾಡ ಅಂದಿದ್ದೆ!”

“ನಿಜವಾದ ಮನುಷ್ಯ, ಅಮ್ಮಾ. ಮಾತಾಡು,” ಎಂದು ಮಗಳು ಇಂಗ್ಲಿಷಿನಲ್ಲೇ ಹೇಳಿ ಇಟ್ಟಳು.

ಶಿವಬಸವ್ವ ಮೂರು ದಿನ ಯೋಚಿಸಿದರು. ನಾಲ್ಕನೇ ದಿನ ಗಂಡನ ಮುಂದೆ ಕುಕ್ಕರಿನ ಡಬ್ಬಿ ತಂದಿಟ್ಟು ನೋಟುಬುಕ್ಕು ತೆಗೆದರು. ದಾನಪ್ಪನವರು ಪುಟ ತೆರೆದು ಆ ಗೀಟು ಚುಕ್ಕಿಗಳನ್ನು ನೋಡಿದರು. ಬೈಯುತ್ತಾರೆಂದುಕೊಂಡರೆ ಬೈಯಲಿಲ್ಲ.

“ಇದನ್ನ ಯಾರ್ ಓದಬಲ್ರು?”

“ಪಿಟ್‌ಮನ್ ಕಲ್ತಾವ್ರು. ಇಲ್ಲಿ ಮಂದಿ ಬ್ಯಾರೆ ಶಾರ್ಟ್‌ಹ್ಯಾಂಡ್ ಕಲಿತಾರ.”

“ಶೆಲ್ಫ್ ಮ್ಯಾಲೆ ಇಟ್ಟಿದ್ಯಾ. ನನ್ನ ತಲೀ ಮ್ಯಾಲೆ.” ಅವರು ಡಬ್ಬಿ ಮುಚ್ಚಿದರು. “ಕ್ಲಿಯರೆನ್ಸ್ ಇನ್ನೂ ಬಂದಿಲ್ಲ. ಎರಡ ತಿಂಗಳಾತು. ಹೋದ ಸಲ ಮೂರ ವಾರಕ್ಕ ಬಂದಿತ್ತು.”

“ಗೊತ್ತೈತಿ.”

“ಬ್ಯಾಡ ಅಂದ್ರ ಬಿಡ್ತೀಯೇನು?”

ಶಿವಬಸವ್ವ ಇಲ್ಲವೆಂದು ತಲೆ ಅಲ್ಲಾಡಿಸಿದರು. ದಾನಪ್ಪನವರು ಗೋಡೆಯ ಕ್ಯಾಲೆಂಡರ್ ನೋಡಿ, “ಶುಕ್ರವಾರ ರಜಾ ಹಾಕ್ತೀನಿ. ನೀ ಆ ಫ್ರೀವೇದಾಗ ಒಬ್ಬಾಕಿ ಡ್ರೈವ್ ಮಾಡಬ್ಯಾಡ,” ಎಂದರು.

ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಜೋಳದ ಹಿಟ್ಟು ತರಲು ಹೋಗುತ್ತೇವೆಂದು ಅಕ್ಕಪಕ್ಕದವರಿಗೆ ಹೇಳಿ ಹೊರಟರು. ಸ್ಯಾನ್ ಕ್ಲೆಮೆಂಟಿ ದಾಟುವ ತನಕ ದಾನಪ್ಪನವರು ಹಿಂದಿನ ಕನ್ನಡಿ ನೋಡುತ್ತಲೇ ಇದ್ದರು. ಒಂದು ಬಿಳಿ ಫೋರ್ಡ್ ಕಾರು ಬಹಳ ದೂರ ಹಿಂದೆಯೇ ಬಂತು, ಇರ್ವೈನಿನಲ್ಲಿ ತಿರುಗಿಕೊಂಡಿತು.

ವಕೀಲನ ಆಫೀಸಿನಲ್ಲಿ ರೊಡೆಲ್ ಕೂತಿದ್ದ. ಆ ದನಿಯನ್ನು ಅಷ್ಟು ಸಲ ಕೇಳಿದ್ದ ಶಿವಬಸವ್ವ ಎತ್ತರದ ಹುಡುಗನೊಬ್ಬನನ್ನು ಊಹಿಸಿಕೊಂಡಿದ್ದರು. ಇವನು ಅವರ ಭುಜಕ್ಕೆ ಬರುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊಣಕಾಲು ಕುಣಿಸುತ್ತಿದ್ದ. ಮಂಡಳಿ ಅವನನ್ನು ಕಳಿಸಬೇಕೆಂದು ತೀರ್ಮಾನಿಸಿತ್ತು. ವಕೀಲ ಮೇಲ್ಮನವಿ ಹಾಕಿದ್ದ. ಮೂಲ ಟೇಪು ಕೊಡಿ ಎಂದು ಕೇಳಿದರೆ, ಪ್ರತಿ ಸಿದ್ಧವಾದ ಮೇಲೆ ಟೇಪನ್ನು ಅಳಿಸಿ ಮತ್ತೆ ಬಳಸುವುದು ವಾಡಿಕೆ ಎಂದು ಉತ್ತರ ಬಂದಿತ್ತಂತೆ.

ಶಿವಬಸವ್ವ ನೋಟುಬುಕ್ಕನ್ನು ಚೀಲದಿಂದ ತೆಗೆಯಲಿಲ್ಲ. ಮೊದಲು ಹುಡುಗನನ್ನು ನೋಡಿ ಕೇಳಿದರು: “ನೀನು ಬಾಯಿ ಬಿಡಲಿಲ್ಲ ಎಂದೆ ವಿಚಾರಣೆಯಲ್ಲಿ. ಟೇಪಿನಲ್ಲಿ ಹಾಗಿಲ್ಲ. ಯಾವುದು ನಿಜ?”

ವಕೀಲ ಮಧ್ಯೆ ಬಾಯಿ ಹಾಕಲು ನೋಡಿದ. ರೊಡೆಲ್ ಅವನನ್ನು ತಡೆದ.

“ಹೇಳಿದೆ. ಮೂರು ಸಲ ಕೇಳಿದಾಗ ಸುಮ್ಮನಿದ್ದೆ. ನಾಲ್ಕನೇ ಸಲ, ಅಮ್ಮನಿಗೆ ಫೋನ್ ಮಾಡಿ ಅವರನ್ನೇ ಕೇಳುತ್ತೇನೆ ಎಂದರು. ಆಗ ಹೌದು ಎಂದೆ.”

“ಮತ್ತೆ ಸುಳ್ಳು ಯಾಕೆ ಹೇಳಿದೆ?”

“ಅವರೂ ಹೇಳಿದರು,” ಎಂದ. ಆಮೇಲೆ ನೆಲ ನೋಡುತ್ತ, “ನನಗೆ ಆ ಕೆಲಸ ಇಷ್ಟ, ಮೇಡಂ,” ಎಂದ.

“ಈ ಪುಟಗಳು ಬಂದರೆ ನಿನ್ನ ಸುಳ್ಳೂ ಹೊರಗೆ ಬರುತ್ತದೆ.”

“ವಕೀಲರು ಹೇಳಿದ್ದಾರೆ. ಬರಲಿ.”

ಆ ಉಸಿರನ್ನು ಅವರು ಕೇಳಿಸಿಕೊಂಡರು. ಇದೂ ಕಲಿಸಿಕೊಟ್ಟ ಮಾತಿರಬಹುದೇ ಎಂಬ ಸಂಶಯ ಪೂರ್ತಿ ಹೋಗಲಿಲ್ಲ. ಒಬ್ಬರ ಒಳ್ಳೆಯತನಕ್ಕೆ ತಾನು ಸಾಕ್ಷಿ ಹೇಳುತ್ತಿಲ್ಲ, ಟೇಪಿನಲ್ಲಿದ್ದದ್ದಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ನೋಟುಬುಕ್ಕು ತೆಗೆದು ಓದಿದರು. ವಕೀಲನ ಕಾರ್ಯದರ್ಶಿ ಬರೆದುಕೊಂಡಳು. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುಂಚೆ ದಾನಪ್ಪನವರು ಕಾಗದ ಇಸಿದುಕೊಂಡು ಎರಡು ಸಲ ಓದಿದರು. ತಮ್ಮ ಕಂಪನಿಯ ಹೆಸರು ಎಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ಪೆನ್ನು ತಾವೇ ಕೊಟ್ಟರು.

ನೋಟುಬುಕ್ಕನ್ನು ಪಾಸಡೀನಾದಲ್ಲಿದ್ದ, ಇಂಗ್ಲೆಂಡಿನಿಂದ ಬಂದ ನಿವೃತ್ತ ಸೆಕ್ರೆಟರಿಯೊಬ್ಬರಿಗೆ ವಕೀಲ ತೋರಿಸಿದ. ಆಕೆ ಓದಿದ್ದಕ್ಕೂ ಶಿವಬಸವ್ವ ಓದಿದ್ದಕ್ಕೂ ಒಂದು ಪದ ಮಾತ್ರ ವ್ಯತ್ಯಾಸ, ಅದೂ ಬೇಸ್‌ಬಾಲ್ ಆಟಗಾರನ ಹೆಸರು.

ನೌಕಾಪಡೆಯ ಮೇಲಿನವರು ಹಳೆಯ ತೀರ್ಮಾನವನ್ನು ಪಕ್ಕಕ್ಕಿಟ್ಟು ಹೊಸ ಮಂಡಳಿ ಕೂರಲಿ ಎಂದರು. ಕೂರಲೇ ಇಲ್ಲ. ಒಮ್ಮೆ ಚೀಫ್ ಸಮುದ್ರದಲ್ಲಿದ್ದಾನೆ ಎಂದರು, ಇನ್ನೊಮ್ಮೆ ಅಧಿಕಾರಿಗಳು ಸಿಗಲಿಲ್ಲ ಎಂದರು. ಅಷ್ಟರಲ್ಲಿ ರೊಡೆಲ್ ಸೇರುವಾಗ ಬರೆದುಕೊಟ್ಟ ಆರು ವರ್ಷ ಮುಗಿಯಿತು. ಮುಂದುವರಿಯುತ್ತೇನೆಂದು ಅರ್ಜಿ ಹಾಕಿದ, ತಗೊಳ್ಳಲಿಲ್ಲ. ಗೌರವದ ಬಿಡುಗಡೆ ಕೊಟ್ಟು ಕಳಿಸಿದರು. ಆ ಕಾಗದದಲ್ಲಿ ಗೇ ಎಂಬ ಮಾತಿರಲಿಲ್ಲ. ಗೆದ್ದನೋ ಸೋತನೋ ಎಂದು ವಕೀಲನೂ ಸರಿಯಾಗಿ ಹೇಳಲಾರದೆ ಹೋದ. ರೊಡೆಲ್ ನರ್ಸಿಂಗ್ ಓದಿ ಲಾಂಗ್ ಬೀಚಿನ ಆಸ್ಪತ್ರೆಯೊಂದಕ್ಕೆ ಸೇರಿದ. ಒಮ್ಮೆ ಕ್ರಿಸ್‌ಮಸ್ ಕಾರ್ಡು ಕಳಿಸಿದ್ದ. ವಿಳಾಸ ಯಾರು ಕೊಟ್ಟರೆಂದು ಆಗಲೂ ಯೋಚಿಸಿದೆ ಎಂದು ಹೇಳಿ ಶಿವಬಸವ್ವ ನನ್ನ ಮುಂದೆ ನಕ್ಕರು.

ದಾನಪ್ಪನವರ ಕ್ಲಿಯರೆನ್ಸ್ ಆಗಸ್ಟಿನಲ್ಲಿ ಬಂತು. ಐದು ತಿಂಗಳು ಹಿಡಿದದ್ದು ಮಗಳ ಸಹಿಗೋ, ಹೆಂಡತಿಯ ಪ್ರಮಾಣಪತ್ರಕ್ಕೋ, ಅಥವಾ ಸುಮ್ಮನೆ ಫೈಲುಗಳ ರಾಶಿಗೋ ಅವರಿಗೆ ಕೊನೆಗೂ ತಿಳಿಯಲಿಲ್ಲ. ವೈಶಾಲಿ ಓದು ಮುಗಿಸಿ ತಾನು ಮದುವೆಯಾಗುವ ಹುಡುಗನನ್ನು ಕರೆದುಕೊಂಡು ಬಂದಾಗ ದಾನಪ್ಪನವರು ಅವನನ್ನು ಕೇಳಿದ ಮೊದಲ ಪ್ರಶ್ನೆಗೆ ಆಕೆ, “ಅಪ್ಪಾ, ಡೋಂಟ್ ಆಸ್ಕ್,” ಎಂದಳಂತೆ. ವನಜಾಕ್ಷಿಯ ಮನೆಗೆ ಹೋಗಿಬರುವುದು ಮತ್ತೆ ಶುರುವಾಯಿತು. ಆದರೆ ಕೋಟು ಹಾಕಿಕೊಂಡು ಬಂದವನ ಮಾತನ್ನು ಎರಡೂ ಕಡೆಯವರು ಎತ್ತಲಿಲ್ಲ.

ಶಿವಬಸವ್ವ ತೊಂಬತ್ತೇಳರಲ್ಲಿ ಆ ಆಫೀಸು ಬಿಟ್ಟು ಶಾಲೆಯೊಂದರ ಕಚೇರಿಗೆ ಸೇರಿದರು. ಎರಡು ವರ್ಷದ ಮೇಲೆ ಮಾರ್ಲಿಸ್ ನಿವೃತ್ತಿಯಾದಳು. ಕೆಳಗಿನ ನೂಡಲ್ಸ್ ಹೋಟೆಲಿನಲ್ಲೇ ಬೀಳ್ಕೊಡುಗೆಯ ಊಟ. ಇವರನ್ನೂ ಕರೆದಿದ್ದಳು. ಉಳಿದವರು ಕೇಕು ಕತ್ತರಿಸುತ್ತಿದ್ದಾಗ ಪಕ್ಕ ಬಂದು ಕೂತಳು.

“ಆ ನಾಲ್ಕು ಪುಟ,” ಎಂದಳು. “ನಾನು ಪೂರ್ತಿ ಕಳಿಸಿದ್ದೆ. ಎರಡು ಪ್ರತಿ, ನೂರಾಹದಿನೆಂಟು ಪುಟ, ನೌಕಾಪಡೆಯ ಕಚೇರಿಗೆ. ನಾನು ತೆಗೆದೆ ಎಂದುಕೊಂಡಿದ್ದೀಯಾ?”

“ಹೌದು,” ಎಂದರು ಶಿವಬಸವ್ವ.

“ಇಷ್ಟು ದಿನ ನಾನು, ಲಕೋಟೆಗೆ ಹಾಕಿಟ್ಟ ರಾತ್ರಿ ನೀನೇ ಹೆದರಿ ವಾಪಸು ತೆಗೆದುಕೊಂಡೆ ಎಂದುಕೊಂಡಿದ್ದೆ. ನನ್ನ ಕೋಣೆಯ ಬೀಗದ ಕೈ ಎಲ್ಲಿರುತ್ತದೆಂದು ನಿನಗೆ ಗೊತ್ತಿತ್ತು.”

“ಮತ್ತೆ ಆ ಟೇಪುಗಳನ್ನು ನನಗೆ ಕೊಡುವುದು ಯಾಕೆ ನಿಲ್ಲಿಸಿದೆ?”

“ನೀನು ಹೆದರಿದ್ದೆ, ಅದಕ್ಕೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಎರಡು ತಟ್ಟೆ ಕೇಕು ತಂದಿಟ್ಟರು. ತಿಂದರು.

ಹೊರಗೆ ಕಾರಿನಲ್ಲಿ ದಾನಪ್ಪನವರು ಕಾಯುತ್ತಿದ್ದರು. ಹತ್ತಿ ಕೂತ ಮೇಲೆ ಶಿವಬಸವ್ವ ನಡೆದದ್ದನ್ನು ಹೇಳಿದರು.

“ಪೂರ್ತಿ ಕಳಿಸೀನಿ ಅಂದ್ಲೇನು? ನಂಬಿದ್ಯಾ?”

“ಅರ್ಧ.”

ದಾನಪ್ಪನವರು ಕಾರು ಹಿಂದಕ್ಕೆ ತೆಗೆಯುತ್ತ, “ನಾ ಅಷ್ಟೂ ನಂಬಂಗಿಲ್ಲ. ನಂದಕ್ಕಿಂತ ಪಾಡಾತು ಬಿಡು,” ಎಂದರು.